ಯಂತ್ರಕ್ಕೆ ಯಾರ ಭಾಷೆ ಬರುತ್ತದೆ?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಕೃತಕ ಬುದ್ಧಿಮತ್ತೆ ಈಗ ಎಲ್ಲರ ಕೈಗೂ ಬಂದಿದೆ ಎಂದು ನಾವು ತಿಳಿದಿದ್ದೇವೆ. ಆದರೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2024ರಲ್ಲಿ ಮಾಡಿದ ಅಂದಾಜಿನಂತೆ ಆಗ ಜಗತ್ತಿನ 260 ಕೋಟಿ ಜನ ಇಂಟರ್‌ನೆಟ್ಟನ್ನೇ ಬಳಸುತ್ತಿರಲಿಲ್ಲ. ಇಂಟರ್‌ನೆಟ್ ಇದ್ದವರಿಗೂ ಇನ್ನೊಂದು ಗೋಡೆಯಿದೆ, ಅದು ಭಾಷೆಯದು. ಇಂದು ಅದರ ಬಗ್ಗೆಯೇ ಮಾತನಾಡುತ್ತೇನೆ.

ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ನಮ್ಮ ‘ಕ’ ಅಕ್ಷರಕ್ಕೆ 3 ಬೇಕು, ‘ಕಿ’ ಎಂದು ಬರೆದರೆ 6. ಈ ಯಂತ್ರಗಳು ವಾಕ್ಯವನ್ನು ಟೋಕನ್ ಎಂಬ ತುಂಡುಗಳಾಗಿ ಕತ್ತರಿಸಿಕೊಂಡು ಓದುತ್ತವೆ. ಇಂಗ್ಲಿಷನ್ನೇ ಹೆಚ್ಚು ಓದಿ ಬೆಳೆದ ಯಂತ್ರ ಇಂಗ್ಲಿಷಿನ ಪದವನ್ನು ಬಹುಮಟ್ಟಿಗೆ ಇಡಿಯಾಗಿ ಹಿಡಿಯುತ್ತದೆ, ಕನ್ನಡದ ಪದವನ್ನು ಚೂರುಚೂರು ಮಾಡುತ್ತದೆ. ಈ ಸೇವೆಯನ್ನು ತಮ್ಮ ತಂತ್ರಾಂಶಕ್ಕೆ ಜೋಡಿಸಿಕೊಳ್ಳುವವರಿಗೆ ಬಿಲ್ಲು ಬರುವುದು ಟೋಕನ್ ಲೆಕ್ಕದಲ್ಲಿ. ಅಂದರೆ ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೆ ಖರ್ಚು ಹೆಚ್ಚು! 2024ರಿಂದೀಚಿನ ಕೆಲವು ಮಾದರಿಗಳಲ್ಲಿ ಈ ಅಂತರ ತಗ್ಗಿದೆ, ಪೂರ್ತಿ ಹೋಗಿಲ್ಲ.

ಯಂತ್ರಕ್ಕೆ ಒಂದು ಭಾಷೆ ಬರಬೇಕಾದರೆ ಆ ಭಾಷೆಯ ಬರಹವನ್ನೂ ಧ್ವನಿಯನ್ನೂ ಯಾರಾದರೂ ಕೊಡಬೇಕು. ಆಫ್ರಿಕಾದ ಪುಟ್ಟ ದೇಶ ರುವಾಂಡಾವನ್ನು ನೋಡಿ. ಮೊಝಿಲ್ಲಾ ಸಂಸ್ಥೆ 2017ರಲ್ಲಿ ಆರಂಭಿಸಿದ ಕಾಮನ್ ವಾಯ್ಸ್ ಯೋಜನೆಯಲ್ಲಿ ಅಲ್ಲಿನವರು ತಮ್ಮ ಕಿನ್ಯಾರ್ವಾಂಡಾ ಭಾಷೆಯ ವಾಕ್ಯಗಳನ್ನು ಓದಿ ಓದಿ 2000 ಗಂಟೆಗೂ ಮೀರಿದ ಧ್ವನಿ ಸಂಗ್ರಹ ಮಾಡಿಕೊಟ್ಟರು. ಅದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಶ್ರೀಮಂತ ಕಂಪನಿಗಳೂ ಬಳಸಬಹುದು ಎನ್ನುವುದು ನನಗೆ ಅಷ್ಟಾಗಿ ಹಿಡಿಸಿಲ್ಲ. ಅದಿರಲಿ.

ನಮ್ಮಲ್ಲಿ ಕೇಂದ್ರ ಸರಕಾರ 2022ರಲ್ಲಿ ‘ಭಾಷಿಣಿ’ಯನ್ನು ತಂದಿತು. ಅದರ ಗಮನ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳ ಮೇಲೆ. ಕನ್ನಡ, ಉರ್ದು ಆ ಪಟ್ಟಿಯಲ್ಲಿವೆ, ಬ್ಯಾರಿ ಇಲ್ಲ. 2024ರ ಜೂನಿನಲ್ಲಿ ಗೂಗಲ್ ಅನುವಾದಕ್ಕೆ ಒಮ್ಮೆಲೇ 110 ಭಾಷೆಗಳು ಸೇರಿದಾಗ ತುಳು ಬಂತು, ಬ್ಯಾರಿ ಬರಲಿಲ್ಲ. ಈ ಸಭೆಯಲ್ಲಿ ಬ್ಯಾರಿ ಮನೆಮಾತಿನವರು ಎಷ್ಟು ಮಂದಿ? ದಯವಿಟ್ಟು ಕೈ ಎತ್ತಿ. ನೋಡಿದಿರಾ!

ಕಂಪ್ಯೂಟರ್ ಕೊಠಡಿಯ ಯೋಜನೆ ಸಂಘದ ಮುಂದಿದೆ, ಸಂತೋಷ. ಅದರಲ್ಲಿ ಸದ್ದಿಲ್ಲದ ಒಂದು ಮೂಲೆ, ಒಂದು ಒಳ್ಳೆಯ ಮೈಕು ಇಡಿ ಎಂದು ಕೇಳುತ್ತೇನೆ. ವಿದ್ಯಾರ್ಥಿಗಳೆ, ನಿಮ್ಮ ಮನೆಯ ಹಿರಿಯರನ್ನು ಅಲ್ಲಿಗೆ ಕರೆತನ್ನಿ, ಅವರ ಬ್ಯಾರಿ ಮಾತನ್ನು ದಾಖಲಿಸಿ, ಕನ್ನಡ ಲಿಪಿಯಲ್ಲಿ ಬರೆದಿಡಿ. ಆದರೆ ಅವರ ಧ್ವನಿ ಎಲ್ಲಿಗೆ ಹೋಗುತ್ತದೆ, ಯಾರು ಬಳಸುತ್ತಾರೆ ಎಂದು ಮೊದಲೇ ತಿಳಿಸಿ. ಬೇಡವೆಂದರೆ ಒತ್ತಾಯ ಬೇಡ. ಕಾರ್ಯಕಾರಿ ಸಮಿತಿಯವರು ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.