ಚಂದಾ ಕೊಟ್ಟವರಿಗೆ ಕೆಲಸ ಕಾಣಿಸಿ

(ರಾಮನಗರದಲ್ಲಿ ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ಕಡೆಯ ಸಂಘಗಳಿಗೆ ಚಂದಾ ರಸೀದಿ ಪುಸ್ತಕ ಅಚ್ಚು ಹಾಕಿಕೊಟ್ಟವನು.

ಒಮ್ಮೆ ಕನ್ನಡ ಶಾಲೆಯ ಸೋರುವ ಸೂರಿನ ರಿಪೇರಿಗೆಂದು ಹುಡುಗರ ಜೊತೆ ನಾನೂ ಚಂದಾ ಎತ್ತಲು ಹೋದೆ. ಅಂಗಡಿಯ ಹಿರಿಯರೊಬ್ಬರು ಹಿಂದಿನ ವರ್ಷದ ರಸೀದಿ ತೆಗೆದು ಮೇಜಿನ ಮೇಲಿಟ್ಟರು. "ಇದು ನಿನ್ನ ಪ್ರೆಸ್ಸಿಂದೇ ಅಲ್ವೇನಪ್ಪಾ? ಆ ದುಡ್ಡಲ್ಲಿ ಏನು ಮಾಡಿದ್ರಿ, ತೋರಿಸು" ಅಂದರು. ಬೆಂಚು ಮಾಡಿಸಿದ್ದೆವು, ಸುಳ್ಳಲ್ಲ. ಆದರೆ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ತಲೆ ತಗ್ಗಿಸಿಕೊಂಡು ಬಂದೆವು.

ನಮ್ಮ ಜನ ಜಿಪುಣರಲ್ಲ. ಕಣ್ಣಿಗೆ ಕಂಡರೆ ಕೊಡುತ್ತಾರೆ. ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ಇಲ್ಲೇ ಜಾನಪದ ಲೋಕ ತೆರೆಯಿತು. ಒಳಗೆ ಹೋದವರು ನೇಗಿಲು, ತೊಗಲುಗೊಂಬೆ ಎಲ್ಲವನ್ನೂ ಕಣ್ಣಾರೆ ನೋಡುತ್ತಾರೆ. ಅಲ್ಲಿ ಯಾರೂ ಲೆಕ್ಕ ಒಪ್ಪಿಸಬೇಕಾಗಿಲ್ಲ, ಕೆಲಸವೇ ಎದುರಿಗಿದೆ.

ಊರಿಂದ ದೂರ ಇರುವವರಿಗೆ ಹೀಗೆ ತೋರಿಸಲು ನಿಮ್ಮ ಜೇಬಿನ ಫೋನು ಸಾಕು. ಕೋವಿಡ್ ಕಾಲದಲ್ಲಿ, 2020ರ ಮೇ 3ರಂದು, ಸಿನಿಮಾ ತಾರೆಯರು ಮನೆಯಲ್ಲೇ ಕೂತು ಫೇಸ್‌ಬುಕ್ ನೇರಪ್ರಸಾರದಲ್ಲಿ 'ಐ ಫಾರ್ ಇಂಡಿಯಾ' ಅಂತ ನಿಧಿ ಎತ್ತಿದರು. ನಮಗೆ ತಾರೆಯರು ಬೇಡ. ಸೂರಿನ ಮೇಲೆ ಹೆಂಚು ಹೊದಿಸುತ್ತಿರುವ ಮೇಸ್ತ್ರಿ ಕಂಡರೆ ಸಾಕು.

ಆದರೆ ತಯಾರಿ ಬೇಕು. ಯೂಟ್ಯೂಬಿನಲ್ಲಿ ಫೋನಿಂದ ನೇರಪ್ರಸಾರಕ್ಕೆ ಕನಿಷ್ಠ 50 ಚಂದಾದಾರರಿರಬೇಕು. ಮೊದಲ ಸಲ ಅನುಮತಿಗೆ 24 ಗಂಟೆ ಹಿಡಿಯಬಹುದು. ಹಿಂದಿನ ದಿನವೇ ಅದೇ ಜಾಗದಲ್ಲಿ ನಿಂತು ಸಿಗ್ನಲ್ ನೋಡಿ. ಚಿತ್ರ ಮಸುಕಾದರೂ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಅಂಗಿಗೆ ಸಿಕ್ಕಿಸುವ ಮೈಕು ತನ್ನಿ. ಕೇಳಿದ ಪ್ರಶ್ನೆಗೆ ಅಲ್ಲೇ, ಹೆಸರು ಹಿಡಿದು, ಕನ್ನಡದಲ್ಲೇ ಉತ್ತರ ಕೊಡಿ. ಬೇಸಿಗೆಯಲ್ಲಿ ನಮಗೆ ಭಾನುವಾರ ಸಂಜೆ ಏಳೂವರೆಯಾದಾಗ ಲಂಡನ್ನಿನಲ್ಲಿ ಮಧ್ಯಾಹ್ನ ಮೂರು, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಹತ್ತು. ಮಾಗಡಿಯವನು ಎಲ್ಲಿದ್ದರೂ ನೋಡಬಹುದು.

ಇಲ್ಲೊಂದು ಎಚ್ಚರಿಕೆ. ಭಾರತದ ಪೌರತ್ವ ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡಬಹುದು. ಬೇರೆ ದೇಶದ ಪೌರರಾದವರು, ನಮ್ಮೂರಲ್ಲೇ ಹುಟ್ಟಿದ್ದರೂ, ಕೊಟ್ಟರೆ ಅದು ವಿದೇಶಿ ದೇಣಿಗೆ. ಕೇಂದ್ರ ಗೃಹ ಇಲಾಖೆಯ ಅನುಮತಿಯಿಲ್ಲದೆ ಸಂಘ ಅದನ್ನು ಮುಟ್ಟಬಾರದು.

ಇನ್ನೊಂದು ಮಾತು, ಇದು ನನ್ನ ಹೊಟ್ಟೆಯುರಿ. ಬ್ಯಾಗು ತೆಗೆದುಕೊಳ್ಳುವ ಬಡ ಮಗುವಿನ ಮುಖದ ಮುಂದೆ ಕ್ಯಾಮೆರಾ ಹಿಡಿಯಬೇಡಿ. ನಾಳೆ ಆ ಮಗು ದೊಡ್ಡವನಾಗಿ ಅದನ್ನು ನೋಡುತ್ತಾನೆ. ಸೂರು ತೋರಿಸಿ, ನಲ್ಲಿ ತೋರಿಸಿ, ಬಿಲ್ಲು ತೋರಿಸಿ. ಶಾಲೆಯೊಳಗೆ ಕಾಲಿಡುವ ಮುಂಚೆ ಹೆಡ್‌ಮಾಸ್ಟರರನ್ನು ಕೇಳಿ.

ಕೆಲಸ ಮುಗಿದ ಮೇಲೆ ಇನ್ನೊಮ್ಮೆ ನೇರಪ್ರಸಾರ ಮಾಡಿ. ಆ ದಿನ ದುಡ್ಡು ಕೇಳಬೇಡಿ, ಬಂದದ್ದು, ಹೋದದ್ದು, ಉಳಿದದ್ದು ಓದಿ ಹೇಳಿ. ಮುಂದಿನ ರಸೀದಿ ಪುಸ್ತಕದ ಅಚ್ಚಿಗೆ ನಾನು ಕಾಸು ಕೇಳುವುದಿಲ್ಲ. ಆ ಹಿರಿಯರ ಅಂಗಡಿಗೆ ಮೊದಲು ಹೋಗೋಣ.

ಸಿರಿಗನ್ನಡಂ ಗೆಲ್ಗೆ!