ಮಲೆನಾಡಿನಲ್ಲಿ ಮೊದಲ ಮಾತು

1856ರ ಸುಮಾರಿಗೆ ಮಂಜರಾಬಾದಿನಲ್ಲಿ, ಎಂದರೆ ಇಂದಿನ ಸಕಲೇಶಪುರದ ಸೀಮೆಯಲ್ಲಿ, ಕಾಫಿ ತೋಟ ಮಾಡಲು ಬ್ರಿಟನ್ನಿನಿಂದ ರಾಬರ್ಟ್ ಎಲಿಯಟ್ ಎಂಬ ತರುಣ ಬಂದನು. ಕಿಟ್ಟೆಲರ ನಿಘಂಟು ಅಚ್ಚಾದುದು 1894ರಲ್ಲಿ. ಎಲಿಯಟ್ಟನ ಮೈಸೂರಿನ ಅನುಭವಗಳ ಗ್ರಂಥವೂ ಅದೇ ವರ್ಷದ್ದು. ಮಳೆಯ ಅರ್ಥವನ್ನು ನಿಘಂಟು ಹೇಳೀತು. ಆರಿದ್ರೆಗೂ ಆಶ್ಲೇಷಕ್ಕೂ ಇರುವ ಭೇದವನ್ನು ನೆನೆದ ಕಂಬಳಿಯೇ ಹೇಳಬೇಕು.

ವ್ಯಾಕರಣ ಬೋಧಿಸಿದ ನನಗೆ ಇನ್ನೊಂದು ಭೇದವೂ ಕಾಣುತ್ತದೆ. ತೋಟದಲ್ಲಿ ಭಾಷೆ ಕಲಿಯುವವನಿಗೆ ಮೊದಲು ದೊರೆಯುವುದು ವಿಧ್ಯರ್ಥಕ ರೂಪ: ಬಾ, ಹೋಗು, ಹೊರು. ಒಡೆಯನಾಗಿ ಬಂದವನು ಅದನ್ನು ಆಡಲು ಕಲಿಯುತ್ತಾನೆ. ಆಳಾಗಿ ಬಂದವನು ಕೇಳಲು. ಇಂದು ಅಸ್ಸಾಮಿನಿಂದ ಸಕಲೇಶಪುರ, ಆಲೂರುಗಳ ತೋಟಗಳಿಗೆ ಬರುವವರ ಪಾಲಿಗೆ ಬರುವುದು ಈ ಎರಡನೆಯ ಪಾಠ. ಮನೆ ಮಠ ಬಿಟ್ಟು ಬಂದ ಅವರ ಕಿವಿಗೆ ಮೊದಲ ದಿನವೇ ‘ಬನ್ನಿ, ಊಟವಾಯಿತೆ?’ ಎಂಬ ಕನ್ನಡವೂ ಬೀಳಲಿ ಎಂದು ಕೇಳುಗರಲ್ಲಿ ನನ್ನ ವಿಜ್ಞಾಪನೆ.