ನವೆಂಬರ್ ಒಂದನೆಯ ತಾರೀಖು

ದಿನಗಳಿಗೆ ತಮ್ಮದೆಂಬ ಗುಣವೇನೂ ಇಲ್ಲ. ಪಂಚಾಂಗ ನೋಡುವವರು ಈ ಮಾತನ್ನು ಒಪ್ಪಲಾರರು. ಅವರೊಡನೆ ಈಗ ವಾದ ಬೇಡ. ನಾನು ಹೇಳುತ್ತಿರುವುದು ಗೋಡೆಯ ಮೇಲೆ ತೂಗುವ ಇಂಗ್ಲಿಷ್ ತಾರೀಖಿನ ಮಾತು. ಅದರಲ್ಲಿ ಒಂದು ಹಾಳೆಯನ್ನು ಹಿಡಿದು, ಇದೇ ತಾರೀಖಿನಂದು ಲೋಕದಲ್ಲಿ ಏನೇನು ನಡೆಯಿತೆಂದು ಹುಡುಕುತ್ತ ಹೋದರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಸಂಗತಿಗಳು ಸಂತೆಗೆ ಬಂದ ಜನರಂತೆ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿರುತ್ತವೆ. ನವೆಂಬರ್ 1ನೆಯ ತಾರೀಖಿನ ಸಂತೆಯಲ್ಲಿ ಇಂದು ಒಂದು ಸುತ್ತು ಹಾಕೋಣ. ಹೆಚ್ಚು ಹೊತ್ತು ನಿಲ್ಲುವುದು ಮಾತ್ರ ದೂರದೂರಿನಲ್ಲಿ ಅಲ್ಲ, ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಹದಿನಾಲ್ಕು ಕಿಲೋಮೀಟರಿನಷ್ಟು ದೂರದ ಹರಿಹರದ ಹೊಳೆಯ ದಂಡೆಯಲ್ಲಿ.

ಮೊದಲು 1755ನೆಯ ಇಸವಿ. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್. ನಮ್ಮ ಗೋವೆಯನ್ನು 1961ರ ಡಿಸೆಂಬರಿನವರೆಗೆ ಆಳಿದ ಪೋರ್ಚುಗಲ್ ಅದೇ. ನವೆಂಬರ್ 1 ಕ್ರೈಸ್ತರಿಗೆ ಸರ್ವ ಸಂತರ ಹಬ್ಬ. ಬೆಳಗಿನ ಪೂಜೆಗೆಂದು ಇಗರ್ಜಿಗಳಲ್ಲಿ ಜನ ಕಿಕ್ಕಿರಿದಿದ್ದರು, ಮೇಣದ ಬತ್ತಿಗಳು ಉರಿಯುತ್ತಿದ್ದವು. ಒಂಬತ್ತೂವರೆ ದಾಟಿರಬೇಕು, ಭೂಮಿ ನಡುಗಿತು. ಕಟ್ಟಡಗಳು ಉರುಳಿದವು. ಬದುಕಿದವರು ಬಯಲೆಂದು ನದಿಯ ದಂಡೆಗೆ ಓಡಿದರೆ ಅಲ್ಲಿ ನೀರು ಹಿಂದೆ ಸರಿದು, ಬಳಿಕ ಗೋಡೆಯಂತೆ ಎದ್ದು ಬಂದಿತು. ಬತ್ತಿಗಳಿಂದ, ಒಲೆಗಳಿಂದ ಹತ್ತಿದ ಬೆಂಕಿ ಹಲವು ದಿನ ಆರಲಿಲ್ಲ. ಸತ್ತವರ ಎಣಿಕೆ ಹತ್ತಾರು ಸಾವಿರ.

ಹಬ್ಬದ ದಿನವೇ, ದೇವಾಲಯದೊಳಗೇ ಹೀಗಾದುದೇಕೆ ಎಂದು ಯೂರೋಪಿನ ಪಂಡಿತರು ವರ್ಷಗಟ್ಟಲೆ ಚರ್ಚಿಸಿದರು. ಆದರೆ ಅಲ್ಲಿನ ಮಂತ್ರಿಯೊಬ್ಬ, ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂದು ಹೆಸರಾದವನು, ಬೇರೊಂದು ಕೆಲಸ ಮಾಡಿದ. ರಾಜ್ಯದ ಒಂದೊಂದು ಇಗರ್ಜಿಗೂ ಒಂದು ಪ್ರಶ್ನಾವಳಿಯನ್ನು ಕಳುಹಿಸಿದ. ನಡುಕ ಎಷ್ಟು ಹೊತ್ತು ಇದ್ದಿತು? ಯಾವ ದಿಕ್ಕಿನಲ್ಲಿ ಹೆಚ್ಚಾಗಿತ್ತು? ಕಡಲು ಮೊದಲು ಏರಿತೋ ಇಳಿಯಿತೋ? ಬಾವಿಯ ನೀರಿನಲ್ಲಿ ಬದಲಾವಣೆ ಕಂಡಿತೆ? ನೆಲ ಬಿರಿಯಿತೆ? ಭೂಕಂಪವನ್ನು ದೈವಕೋಪವೆಂದು ಬಗೆಯದೆ ಅಳೆಯಬಹುದಾದ ಸಂಗತಿಯೆಂದು ಬಗೆದ ಆ ಪ್ರಶ್ನೆಗಳನ್ನೇ ಇಂದಿನ ಭೂಕಂಪವಿಜ್ಞಾನದ ಮೊದಲ ಹೆಜ್ಜೆಗಳಲ್ಲಿ ಒಂದೆಂದು ಎಣಿಸುತ್ತಾರೆ. ಊರು ಸುಡುತ್ತಿರುವಾಗ ಪ್ರಶ್ನೆ ಕೇಳುವ ತಾಳ್ಮೆ ಎಲ್ಲರಿಗೂ ಬರುವುದಲ್ಲ.

1858ರ ಇದೇ ದಿನ ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿಸಿದ. ಕಂಪನಿ ಸರ್ಕಾರ ಹೋಗಿ ರಾಣಿ ಸರ್ಕಾರ ಬಂದಿತು. ಇದನ್ನು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿರುತ್ತೀರಿ, ಮುಂದೆ ಹೋಗೋಣ.

1952. ಪೆಸಿಫಿಕ್ ಸಾಗರದ ಎನಿವೆಟಾಕ್ ಎಂಬ ಹವಳದ ದ್ವೀಪಮಾಲೆ. ಬೆಳಗ್ಗೆ ಏಳೂಕಾಲಿಗೆ ಅಮೆರಿಕದವರು ಮೊದಲ ಜಲಜನಕ ಬಾಂಬನ್ನು ಸಿಡಿಸಿದರು. ಹಿರೋಷಿಮಾದ ಬಾಂಬಿಗಿಂತ ಸುಮಾರು 700 ಪಟ್ಟು ಶಕ್ತಿ. ಎಲುಗೆಲಾಬ್ ಎಂಬ ನಡುಗಡ್ಡೆ ಇದ್ದ ಕಡೆ ಬಳಿಕ ಉಳಿದುದು ಕಡಲಿನ ತಳದ ಒಂದು ಕುಳಿ. ತಾರೀಖಿನ ಚೋದ್ಯ ನೋಡಿ: ಬಾಂಬು ಸಿಡಿದ ಗಳಿಗೆಯಲ್ಲಿ ವಾಷಿಂಗ್ಟನ್ನಿನಲ್ಲಿ ಇನ್ನೂ ಅಕ್ಟೋಬರ್ 31, ನಮ್ಮಲ್ಲಿ ನಡುರಾತ್ರಿ ಕಳೆದು ಮುಕ್ಕಾಲು ಗಂಟೆ, ಆದಕಾರಣ ನಮಗೂ ನವೆಂಬರ್ 1. ಅದರ ಬೂದಿಯನ್ನು ಪರೀಕ್ಷಿಸಿದಾಗ ಅದುವರೆಗೆ ಯಾರೂ ಕಂಡಿರದ ಎರಡು ಮೂಲವಸ್ತುಗಳು ಸಿಕ್ಕವು. ಅವುಗಳಿಗೆ ಐನ್‌ಸ್ಟೈನಿಯಂ, ಫರ್ಮಿಯಂ ಎಂದು ಹೆಸರಿಟ್ಟರು. ಶಾಂತಿಗಾಗಿ ಬರೆದ, ಬೇಡಿದ ಐನ್‌ಸ್ಟೈನರ ಹೆಸರು ಆ ಬೂದಿಗೆ ಅಂಟಿಕೊಂಡುದನ್ನು ಏನೆನ್ನೋಣ?

ಎರಡು ವರ್ಷದ ಬಳಿಕ, 1954ರ ಇದೇ ದಿನ, ಪಾಂಡಿಚೇರಿಯಲ್ಲಿ ಫ್ರೆಂಚರ ಆಡಳಿತ ಭಾರತದ ಕೈಗೆ ಬಂದಿತು. ಅದಕ್ಕೆ ಮುನ್ನ ನಡೆದ ಮತದಾನದಲ್ಲಿ ಮತ ಹಾಕುವ ಹಕ್ಕಿದ್ದವರು ಜನಪ್ರತಿನಿಧಿಗಳಾದ 178 ಜನ ಮಾತ್ರ. ಅವರಲ್ಲಿ 170 ಜನ ಸೇರೋಣವೆಂದರು. ಗುಂಡು ಹಾರದೆಯೂ ಗಡಿ ಅಳಿಸಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಗಡಿಯ ಮಾತು ಬಂದುದರಿಂದ ಈಗ ಹರಿಹರಕ್ಕೆ ಹೋಗಬಹುದು.

ಮೈಸೂರು ಸಂಸ್ಥಾನದ ನಕ್ಷೆಯಲ್ಲಿ ಹರಿಹರ ಕಟ್ಟಕಡೆಯ ಊರು. ತುಂಗಭದ್ರೆಯ ಈಚೆ ದಂಡೆ ಮೈಸೂರು, ಆಚೆ ದಂಡೆ ಮುಂಬಯಿ. 1818ರಲ್ಲಿ ಪೇಶ್ವೆಯ ರಾಜ್ಯ ಬಿದ್ದ ಮೇಲೆ ರಾಣೆಬೆನ್ನೂರಿನ ಕಡೆಯ ನೆಲವೆಲ್ಲ ಮುಂಬಯಿ ಆಧಿಪತ್ಯಕ್ಕೆ ಸೇರಿ, ಹಾಗೆಯೇ ನೂರಮೂವತ್ತಕ್ಕೂ ಹೆಚ್ಚು ವರ್ಷ ಉಳಿಯಿತು. ಹೊಳೆಗೆ 1868ರಲ್ಲಿ ಹದಿನಾಲ್ಕು ಕಮಾನುಗಳ ಸೇತುವೆ ಕಟ್ಟಿದರು. ಬಳಿಕ ರೈಲೂ ಬಂದಿತು. ಹೆಣ್ಣು ಕೊಡುವುದು ತರುವುದು, ದನದ ವ್ಯಾಪಾರ, ಹತ್ತಿಯ ವ್ಯಾಪಾರ, ಜಾತ್ರೆ ಎಲ್ಲವೂ ಎರಡೂ ದಂಡೆಗೆ ಒಂದೇ. ಆದರೆ ಸರ್ಕಾರದ ಕಾಗದ ಮಾತ್ರ ಬೇರೆ. ಈಚೆಯವನು ತಾಲ್ಲೂಕಿನ ಕೆಲಸಕ್ಕೆ ಅಮಲ್ದಾರರ ಕಚೇರಿಗೆ ಹೋಗಬೇಕು, ಆಚೆಯವನು ಮಾಮಲೇದಾರರಲ್ಲಿಗೆ. ಇವನಿಗೆ ಶಾನುಭೋಗರು, ಅವನಿಗೆ ಕುಲಕರ್ಣಿ ಅಥವಾ ತಲಾಠಿ. ಇವನ ಜಿಲ್ಲೆಗೆ ಡೆಪ್ಯುಟಿ ಕಮಿಷನರ್, ಅವನದಕ್ಕೆ ಕಲೆಕ್ಟರ್. ಇವನ ಹೊಲದ ಪತ್ರ ಪಹಣಿ, ಅವನದು ಉತಾರ. ಹೊಲದ ವ್ಯಾಜ್ಯ ಮೇಲಿನ ಕೋರ್ಟಿಗೆ ಏರಿತೋ, ಹರಿಹರದವನು ಬೆಂಗಳೂರಿನ ರೈಲು ಹತ್ತಬೇಕು, ರಾಣೆಬೆನ್ನೂರಿನವನು ಮುಂಬಯಿಯ ರೈಲು. ಇಬ್ಬರೂ ಬೈದಾಡಿಕೊಳ್ಳುವುದು ಮಾತ್ರ ಕನ್ನಡದಲ್ಲಿಯೇ.

ಕನ್ನಡ ಮಾತನಾಡುವವರು ಹೀಗೆ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಐದು ಸರ್ಕಾರಗಳಲ್ಲಿ ಹರಿದು ಹೋಗಿದ್ದರು. ಆಲೂರು ವೆಂಕಟರಾಯರಂಥವರು ತಲೆಮಾರಿನುದ್ದಕ್ಕೂ ದುಡಿದರು; 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕುಳಿತರು, ಹುಬ್ಬಳ್ಳಿಯಲ್ಲಿ ಗಲಭೆಯಾಯಿತು. ಆ ಕಾಲದಲ್ಲಿ ಗಡಿಯನ್ನು ಲೆಕ್ಕಿಸದೆ ದಾಟುತ್ತಿದ್ದುದು ಬಾನುಲಿಯ ಅಲೆಯೊಂದೇ ಎನ್ನಬೇಕು. 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ಆರಂಭಿಸಿದ ಆಕಾಶವಾಣಿ ಸಂಸ್ಥಾನದ ಮಾತಾದರೆ, 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ನಿಲಯ ಮುಂಬಯಿ ರಾಜ್ಯದ ನೆಲದಿಂದ ಕನ್ನಡ ಆಡುತ್ತಿತ್ತು. ಅಲೆಗೆ ಅಮಲ್ದಾರರೂ ಇಲ್ಲ, ಮಾಮಲೇದಾರರೂ ಇಲ್ಲ.

1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯ ಹುಟ್ಟಿತು. ಹತ್ತೊಂಬತ್ತು ಜಿಲ್ಲೆ, ಸುಮಾರು 74,000 ಚದರ ಮೈಲಿ. ಹಿಂದಿನ ದಿನದವರೆಗೆ ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರು ಅಂದು ರಾಜ್ಯಪಾಲರಾದರು. ಕಡಿದಾಳ್ ಮಂಜಪ್ಪನವರ ತರುವಾಯ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಇವರು ಹುಟ್ಟಿದುದು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ; ವಕೀಲಿ ಮಾಡಿದುದು ಮೈಸೂರು ಸಂಸ್ಥಾನದ ಚಿತ್ರದುರ್ಗದಲ್ಲಿ. ಒಂದು ಗಡಿ ದಾಟಿ ಬಂದವರ ಕೈಗೇ ಗಡಿಗಳಿಲ್ಲದ ರಾಜ್ಯ ಬಂದಿತು.

ದಾವಣಗೆರೆಗೆ ಅಂದು ಆದುದನ್ನು ನಕ್ಷೆ ಹರಡಿಕೊಂಡು ನೋಡಿದರೆ ತಿಳಿಯುತ್ತದೆ. ಮುನ್ನಾದಿನ ರಾತ್ರಿ ರಾಜ್ಯದ ಅಂಚಿನಲ್ಲಿ ಮಲಗಿದ ಊರು ಬೆಳಗ್ಗೆ ಏಳುವಾಗ ರಾಜ್ಯದ ನಡುವಿನಲ್ಲಿದ್ದಿತು. ಊರು ಕದಲಲಿಲ್ಲ, ಸುತ್ತಲಿನ ಗೆರೆಗಳು ಕದಲಿದವು. ರಾಜಧಾನಿ ಇಲ್ಲಿಗೇ ಬರಬೇಕಾಗಿತ್ತು ಎಂಬ ಮಾತನ್ನು ಊರಿನ ಹಿರಿಯರು ಈಗಲೂ ಆಡುತ್ತಾರೆ. ಬೆಂಗಳೂರಿನವರು ನಗಬಹುದು, ನಕ್ಷೆ ನಗುವುದಿಲ್ಲ. 1970ರ ದಶಕದಲ್ಲಿ ಹೊಳೆಯಾಚೆ ಕುಮಾರಪಟ್ಟಣದಲ್ಲಿ, ಅಂದರೆ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ನಾರಿನ ಕಾರ್ಖಾನೆಯೊಂದು ಎದ್ದಾಗ ಅದಕ್ಕೆ ಹರಿಹರ ಪಾಲಿಫೈಬರ್ಸ್ ಎಂದೇ ಹೆಸರಿಟ್ಟರು. ಆಚೆ ದಂಡೆಗೆ ಈಚೆ ದಂಡೆಯ ಹೆಸರು! 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಅರ್ಧ ಹರಿ, ಅರ್ಧ ಹರ ಒಂದೇ ವಿಗ್ರಹದಲ್ಲಿ ನಿಂತಿರುವ ಊರಿಗೆ ಇದೇನೂ ಹೊಸತಲ್ಲ ಬಿಡಿ. ಉತಾರ ಎಂಬ ಮಾತು ಮಾತ್ರ ಆ ಕಡೆ ಇನ್ನೂ ಸತ್ತಿಲ್ಲ.

ರಾಜ್ಯದ ಹೆಸರು ಕರ್ನಾಟಕವಾದುದೂ ನವೆಂಬರ್ 1ರಂದೇ, 1973ರಲ್ಲಿ, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರನ್ನು ಕನ್ನಡದ ಉಚ್ಚಾರಕ್ಕೆ ತಿದ್ದಿದರು. ಆ ಪಟ್ಟಿಯಲ್ಲಿ ದಾವಣಗೆರೆ ಇಲ್ಲ.

ಇನ್ನೊಂದು ಹೊಳೆಯ ಮಾತು ಉಳಿದಿದೆ. ತುಂಗಭದ್ರೆ ಗಡಿಯಾಗಿರುವುದು ತಪ್ಪಿದ ಆ ದಿನವೇ, ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಅಲ್ಲಿ ಚಂದ್ರಗಿರಿ ಹೊಳೆಯ ಉತ್ತರಕ್ಕಿದ್ದ ಕನ್ನಡಿಗರು ಮನೆ ಬಿಟ್ಟು ಕದಲದೆಯೇ ಹೊಸ ಗಡಿಯ ಆಚೆಯವರಾದರು. ದಾವಣಗೆರೆಯಲ್ಲಿ ಪೇಡೆ ಹಂಚುವ ಹಬ್ಬ ಅವರಿಗೆ ಬೇರೆ ದಿನವಾಗಿಯೇ ಉಳಿಯಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಕಾಗದದಲ್ಲಿಯೇ ಉಳಿಯಿತು. ಅದಕ್ಕಾಗಿ ಬಾಳಿನುದ್ದಕ್ಕೂ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿಸಿ, 2015ರ ಆಗಸ್ಟಿನಲ್ಲಿ, ಕೇರಳದವರಾಗಿಯೇ ತೀರಿಕೊಂಡರು. ಕಾಸರಗೋಡು, ಮಂಜೇಶ್ವರದ ಕಡೆ ಕನ್ನಡ ಶಾಲೆಗಳು ಈಗಲೂ ನಡೆಯುತ್ತಿವೆ. ಮಂಗಳೂರು ಆಕಾಶವಾಣಿಯ ಕನ್ನಡ ವಾರ್ತೆಗೆ ಕಿವಿಗೊಡುವ ಮನೆಗಳೂ ಅಲ್ಲಿ ಉಂಟು.